ಮಾಲೀಕರು ಮಾತಿಗೆ ಬಂದ ಮೇಲೂ ಉತ್ತರ ಕಳಿಸುವ ಎಐ ಏಜೆಂಟ್: ಸ್ಥಿತಿಯನ್ನು ಎಲ್ಲಿ, ಹೇಗೆ ಇಡಬೇಕು?

ಪ್ರಶ್ನೆ

ಚಿಕ್ಕಮಗಳೂರು ಕಡೆಯ ಒಂದು ಹೋಮ್‌ಸ್ಟೇಗೆ ಎನ್‌ಏಟ್‌ಎನ್ (n8n) ಎಂಬ ಸ್ವಯಂಚಾಲನೆಯ ಸಾಫ್ಟ್‌ವೇರ್‌ನಲ್ಲಿ ಒಂದು ವರ್ಕ್‌ಫ್ಲೋ, ಅಂದರೆ ಒಂದರ ಹಿಂದೊಂದು ನಡೆಯುವ ಹೆಜ್ಜೆಗಳ ಸರಪಳಿ, ಮಾಡಿಕೊಟ್ಟಿದ್ದೇನೆ. ಅದರ ಒಂದೊಂದು ಹೆಜ್ಜೆಗೂ ನೋಡ್ ಎಂದು ಹೆಸರು. ಅತಿಥಿಗಳು ವಾಟ್ಸ್‌ಆ್ಯಪ್‌ಗೆ ಬರೆದ ಸಂದೇಶ ಟ್ರಿಗರ್ (ವರ್ಕ್‌ಫ್ಲೋವನ್ನು ಶುರು ಮಾಡುವ ನೋಡ್) ಮೂಲಕ ಎಐ ಏಜೆಂಟ್ ನೋಡ್‌ಗೆ ಹೋಗುತ್ತದೆ. ಏಜೆಂಟ್ ಕ್ಯಾಲೆಂಡರ್ ನೋಡಿ, ದರ ಲೆಕ್ಕ ಹಾಕಿ, ತಾನೇ ಉತ್ತರ ಕಳಿಸುತ್ತದೆ. ಹಳೆಯ ಮಾತುಕತೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಚಾಟ್ ಮೆಮೊರಿಯಲ್ಲಿ, ಅತಿಥಿಯ ಫೋನ್ ಸಂಖ್ಯೆಯ ಹೆಸರಿನಲ್ಲಿ ಉಳಿಯುತ್ತದೆ. ಮಾಲೀಕರು ಅದೇ ಸಂಖ್ಯೆಯನ್ನು ತಮ್ಮ ಫೋನಿನ ಬಿಸಿನೆಸ್ ಆ್ಯಪ್‌ನಲ್ಲೂ ಬಳಸುತ್ತಾರೆ. ತಾವೇ ಮಾತನಾಡಬೇಕೆನಿಸಿದಾಗ ಏಜೆಂಟ್ ಸುಮ್ಮನಿರಲಿ ಎಂದು ಗೂಗಲ್ ಶೀಟ್‌ನಲ್ಲಿ ‘ಸ್ಥಿತಿ’ ಎಂಬ ಕಾಲಂ ಮಾಡಿದ್ದೇನೆ. ಅದರಲ್ಲಿ ‘ಚಾಲೂ’ ಅಥವಾ ‘ತಡೆ’ ಎಂದಿರುತ್ತದೆ. ವರ್ಕ್‌ಫ್ಲೋ ಶುರುವಾದ ಕೂಡಲೇ ಒಂದು ಇಫ್ ನೋಡ್ (ಷರತ್ತು ನೋಡಿ ದಾರಿ ಆರಿಸುವ ಹೆಜ್ಜೆ) ಅದನ್ನು ನೋಡುತ್ತದೆ.

ಕಳೆದ ವಾರ ಆದದ್ದಿಷ್ಟು. ಅತಿಥಿಯೊಬ್ಬರು ‘ಶನಿವಾರ ರೂಮ್ ಇದ್ಯಾ, ನಾಲ್ಕು ಜನ’ ಎಂದು ಕೇಳಿದರು. ಮಾಲೀಕರು ಫೋನ್ ಕೈಯಲ್ಲೇ ಹಿಡಿದಿದ್ದರಿಂದ ‘ಇಲ್ಲ, ಅವತ್ತು ಮನೆಯಲ್ಲಿ ಪೂಜೆ ಇದೆ’ ಎಂದು ಬರೆದು, ಶೀಟ್‌ನಲ್ಲಿ ‘ತಡೆ’ ಎಂದೂ ಬದಲಿಸಿದರು. ಹದಿನೆಂಟು ಸೆಕೆಂಡ್ ಕಳೆದ ಮೇಲೆ ಏಜೆಂಟ್ ‘ಶನಿವಾರಕ್ಕೆ ಎರಡು ರೂಮ್ ಲಭ್ಯವಿವೆ, ಕಾಯ್ದಿರಿಸಲೇ?’ ಎಂದು ಕಳಿಸಿತು. ಪೂಜೆಯ ವಿಷಯವನ್ನು ಯಾರೂ ಕ್ಯಾಲೆಂಡರ್‌ಗೆ ಹಾಕಿರಲಿಲ್ಲವಾದ್ದರಿಂದ ಅದರ ಮಟ್ಟಿಗೆ ಆ ಉತ್ತರ ಸರಿಯೇ. ಆದರೆ ಮುಜುಗರವಾದದ್ದು ಮಾಲೀಕರಿಗೆ, ಬೈಗುಳ ತಿಂದದ್ದು ನಾನು. ಎಕ್ಸಿಕ್ಯೂಷನ್ ಪಟ್ಟಿಯಲ್ಲಿ, ಅಂದರೆ ವರ್ಕ್‌ಫ್ಲೋ ಓಡಿದ ಪ್ರತಿ ಸಲದ ದಾಖಲೆಯಲ್ಲಿ, ಆ ಓಟದ ಮುಂದೆ ‘ಸಕ್ಸೆಸ್’ ಎಂದೇ ಇದೆ. ಇಂಥ ಸಮಯದಲ್ಲಿ ಇಡೀ ವರ್ಕ್‌ಫ್ಲೋವನ್ನೇ ನಿಷ್ಕ್ರಿಯಗೊಳಿಸಬೇಕೇ, ಅಥವಾ ಒಂದೊಂದು ಮಾತುಕತೆಗೂ ಬೇರೆಬೇರೆ ಸ್ಥಿತಿ ಇಡುವ ನಂಬಬಹುದಾದ ದಾರಿ ಇದೆಯೇ?

ಉತ್ತರ 1

ನಿಮ್ಮ ಪ್ರಶ್ನೆಯಲ್ಲಿ ಮೂರು ಬಗೆಯ ಸ್ಥಿತಿಗಳು ಒಂದರೊಳಗೊಂದು ಸೇರಿಕೊಂಡಿವೆ. ವರ್ಕ್‌ಫ್ಲೋ ಹೊಸ ಸಂದೇಶಗಳನ್ನು ಸ್ವೀಕರಿಸುತ್ತಿದೆಯೇ ಇಲ್ಲವೇ ಎಂಬುದು ಮೊದಲನೆಯದು. ಹಿಂದೆ ಇದಕ್ಕೆ ‘ಆ್ಯಕ್ಟಿವ್’ ಗುಂಡಿ ಇತ್ತು, 2025ರ ಡಿಸೆಂಬರ್‌ನಲ್ಲಿ ಬಂದ 2.0 ಆವೃತ್ತಿಯಿಂದ ಈಚೆಗೆ ‘ಪಬ್ಲಿಷ್’ ಎಂದಾಗಿದೆ. ಒಂದು ಓಟ ಯಾವ ಹಂತದಲ್ಲಿದೆ ಎಂಬುದು ಎರಡನೆಯದು: ರನ್ನಿಂಗ್, ವೇಟಿಂಗ್, ಸಕ್ಸೆಸ್, ಎರರ್ ಇತ್ಯಾದಿ. ಈ ಅತಿಥಿಯೊಡನೆ ಈಗ ಮಾತನಾಡುವ ಹಕ್ಕು ಯಾರದು ಎಂಬುದು ಮೂರನೆಯದು. ನಿಮಗೆ ಬೇಕಾಗಿರುವುದು ಈ ಮೂರನೆಯದೇ, ಮತ್ತು ಅದನ್ನು ಸಾಫ್ಟ್‌ವೇರ್ ನಿಮಗಾಗಿ ಇಟ್ಟುಕೊಳ್ಳುವುದಿಲ್ಲ. ‘ಸಕ್ಸೆಸ್’ ಎಂದರೆ ನೋಡ್‌ಗಳೆಲ್ಲ ದೋಷವಿಲ್ಲದೆ ಓಡಿದವು ಎಂದಷ್ಟೇ ಅರ್ಥ. ಕಳಿಸಿದ ಮಾತು ಕಳಿಸಬೇಕಾದದ್ದೇ ಆಗಿತ್ತೇ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ವರ್ಕ್‌ಫ್ಲೋವನ್ನು ನಿಷ್ಕ್ರಿಯಗೊಳಿಸುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಹೊಸ ಸಂದೇಶಗಳಿಗೆ ಬಾಗಿಲು ಹಾಕುತ್ತದೆಯೇ ಹೊರತು ಆಗಲೇ ಒಳಗೆ ಹೊಕ್ಕು ಓಡುತ್ತಿರುವ ಓಟವನ್ನು ನಿಲ್ಲಿಸುವುದಿಲ್ಲ. ಜೊತೆಗೆ ಒಬ್ಬ ಅತಿಥಿಗಾಗಿ ಉಳಿದ ಅತಿಥಿಗಳೆಲ್ಲರ ಬಾಯಿಗೂ ಬೀಗ ಬೀಳುತ್ತದೆ.

ನಿಮ್ಮ ನಿಜವಾದ ತೊಂದರೆ ಇರುವುದು ಪರೀಕ್ಷೆ ನಡೆಯುವ ಜಾಗದಲ್ಲಿ. ಆರಂಭದಲ್ಲಿ ಸ್ಥಿತಿ ನೋಡಿದ ಮೇಲೆ ಏಜೆಂಟ್ ತನ್ನ ಹಿಂದಿರುವ ಭಾಷಾ ಮಾಡೆಲ್ ಅನ್ನು ಕೇಳಿ, ಕ್ಯಾಲೆಂಡರ್ ತೆರೆದು, ಮತ್ತೆ ಮಾಡೆಲ್ ಅನ್ನು ಕೇಳುವ ಹೊತ್ತಿಗೆ ಹದಿನೈದು ಇಪ್ಪತ್ತು ಸೆಕೆಂಡ್ ಸುಲಭವಾಗಿ ಕಳೆಯುತ್ತದೆ. ಆದ್ದರಿಂದ ಸಂದೇಶ ಕಳಿಸುವ ನೋಡ್‌ನ ಮುಂಚಿನ ಹೆಜ್ಜೆಯಲ್ಲೇ ಸ್ಥಿತಿಯನ್ನು ಹೊಸದಾಗಿ ಇನ್ನೊಮ್ಮೆ ಓದಿ. ಹೀಗೆ ಮಾಡಬೇಕಾದರೆ ಕಳಿಸುವ ಕೆಲಸ ಏಜೆಂಟ್‌ನ ಟೂಲ್ (ಅದು ತನಗೆ ಬೇಕೆನಿಸಿದಾಗ ಬಳಸುವ ಸಾಧನ) ಆಗಿರಬಾರದು. ಏಜೆಂಟ್ ಬರೀ ಪಠ್ಯವನ್ನು ಹೊರಗೆ ಕೊಡಬೇಕು, ಕಳಿಸುವುದೋ ಬಿಡುವುದೋ ಎಂಬುದನ್ನು ಅದರಾಚೆಗಿನ ಸಾಮಾನ್ಯ ಇಫ್ ನೋಡ್ ತೀರ್ಮಾನಿಸಬೇಕು. ‘ಮಾಲೀಕರು ಮಾತನಾಡುತ್ತಿದ್ದರೆ ಸುಮ್ಮನಿರು’ ಎಂದು ಪ್ರಾಂಪ್ಟ್‌ನಲ್ಲಿ (ಏಜೆಂಟ್‌ಗೆ ಕೊಡುವ ಸೂಚನೆಯಲ್ಲಿ) ಬರೆದು ನೆಮ್ಮದಿಯಾಗಿರುವವರನ್ನು ನೋಡಿದ್ದೇನೆ. ಹೆಚ್ಚಿನ ಸಲ ಅದು ಕೇಳುತ್ತದೆ, ಆದರೆ ಕೇಳದ ಒಂದು ಸಲವೇ ನಿಮಗೆ ಫೋನ್ ಬರುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಂದೇ ನನ್ನ ಸಲಹೆ. ‘ಚಾಲೂ/ತಡೆ’ ಎಂಬ ಎರಡೇ ಮಾತುಗಳ ಜೊತೆಗೆ ಪ್ರತಿ ಮಾತುಕತೆಗೂ ಒಂದು ಸರದಿ ಸಂಖ್ಯೆ ಇಡಿ. ಅತಿಥಿ ಬರೆದರೂ ಮಾಲೀಕರು ಬರೆದರೂ ಆ ಸಂಖ್ಯೆ ಒಂದೊಂದು ಏರುತ್ತ ಹೋಗಲಿ. ಓಟ ಆರಂಭವಾದಾಗ ಇದ್ದ ಸಂಖ್ಯೆಯನ್ನು ಅದು ತನ್ನೊಡನೆ ಒಯ್ಯಲಿ. ಕಳಿಸುವ ಮುನ್ನ ಸಾಲಿನಲ್ಲಿರುವ ಸಂಖ್ಯೆ ಅದೇ ಆಗಿದ್ದರೆ ಮಾತ್ರ ಕಳಿಸಲಿ, ಇಲ್ಲದಿದ್ದರೆ ಆ ಉತ್ತರವನ್ನು ಬಿಸಾಡಲಿ. ಮಾಲೀಕರು ‘ತಡೆ’ ಒತ್ತಿ, ಎರಡು ಮಾತು ಬರೆದು, ಮತ್ತೆ ‘ಚಾಲೂ’ ಮಾಡಿದ್ದರೂ ಹಳೆಯ ಓಟ ಇದರಿಂದ ಸಿಕ್ಕಿಬೀಳುತ್ತದೆ. ಬರೀ ‘ಚಾಲೂ’ ನೋಡಿ ಹೋಗುವ ಪರೀಕ್ಷೆಯಲ್ಲಿ ಅದು ನುಸುಳಿಬಿಡುತ್ತದೆ. ನಮ್ಮ ಜನ ‘ನಮಸ್ಕಾರ’ ಒಂದು ಸಂದೇಶ, ‘ರೂಮ್ ಇದ್ಯಾ’ ಇನ್ನೊಂದು, ‘ನಾಲ್ಕು ಜನ’ ಮತ್ತೊಂದು ಎಂದು ಬಿಡಿಬಿಡಿಯಾಗಿ ಕಳಿಸುವವರು. ಪ್ರತಿಯೊಂದಕ್ಕೂ ಬೇರೆ ಓಟ ಶುರುವಾಗಿ ಮೂರು ಉತ್ತರ ಹೋಗುವ ಕಾಟವೂ ಈ ಸಂಖ್ಯೆಯಿಂದಲೇ ತಪ್ಪುತ್ತದೆ.

ಉತ್ತರ 2

ಮೇಲಿನವರ ಮಾತಿಗೆ ಸಂಗ್ರಹದ ವಿಷಯವನ್ನು ಸೇರಿಸುತ್ತೇನೆ. ಶೀಟ್ ಇದಕ್ಕೆ ತಕ್ಕ ಜಾಗವಲ್ಲ. ಗೂಗಲ್ ಶೀಟ್ಸ್ ಎಪಿಐ (ಬೇರೆ ಸಾಫ್ಟ್‌ವೇರ್ ಶೀಟ್ ತಲುಪುವ ದಾರಿ) ಒಬ್ಬ ಬಳಕೆದಾರರಿಗೆ ನಿಮಿಷಕ್ಕೆ 60 ಓದುವ ಕೋರಿಕೆಗಳ ಮಿತಿ ಹಾಕಿದೆ. ಪ್ರತಿ ಸಂದೇಶಕ್ಕೂ ಎರಡು ಬಾರಿ ಓದತೊಡಗಿದರೆ ರಜೆಯ ಹಿಂದಿನ ದಿನ ಆ ಮಿತಿ ತಲುಪುವುದು ಕಷ್ಟವೇನಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡು ಓಟಗಳು ಏಕಕಾಲಕ್ಕೆ ಒಂದೇ ಕೋಶವನ್ನು ಓದಿ ಇಬ್ಬರೂ ‘ಏಳು’ ಎಂದು ಕಂಡು ಇಬ್ಬರೂ ‘ಎಂಟು’ ಎಂದು ಬರೆದರೆ ಸರದಿ ಸಂಖ್ಯೆಗೆ ಬೆಲೆಯೇ ಉಳಿಯುವುದಿಲ್ಲ. ಹೇಗೂ ನಿಮ್ಮಲ್ಲಿ ಪೋಸ್ಟ್‌ಗ್ರೆಸ್ ಇದೆ. ಅಲ್ಲೇ ಒಂದು ಟೇಬಲ್ ಮಾಡಿ, ಸಂಖ್ಯೆಯನ್ನು ಏರಿಸುವುದು ಮತ್ತು ಏರಿಸಿದ ಸಂಖ್ಯೆಯನ್ನು ಹಿಂದಿರುಗಿಸುವುದು ಎರಡನ್ನೂ ಒಂದೇ ಅಪ್‌ಡೇಟ್ ಹೇಳಿಕೆಯಲ್ಲಿ ಮುಗಿಸಿ. ಓದುವುದಕ್ಕೊಂದು ನೋಡ್, ಬರೆಯುವುದಕ್ಕೊಂದು ನೋಡ್ ಎಂದು ಬಿಡಿಸಬೇಡಿ.

ವರ್ಕ್‌ಫ್ಲೋದ ಸ್ಟ್ಯಾಟಿಕ್ ಡೇಟಾದಲ್ಲಿ (ಓಟಗಳ ನಡುವೆ ಅದು ತನ್ನಲ್ಲೇ ಇಟ್ಟುಕೊಳ್ಳುವ ಮಾಹಿತಿಯಲ್ಲಿ) ಸ್ಥಿತಿ ಇಡುವ ಆಸೆಯೂ ಹುಟ್ಟಬಹುದು. ನಾನು ಅದರಲ್ಲಿ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ: ಕೈಯಿಂದ ಪರೀಕ್ಷಿಸುವಾಗ ಅದು ಉಳಿಯುವುದೇ ಇಲ್ಲ, ಸಕ್ರಿಯ ವರ್ಕ್‌ಫ್ಲೋ ಟ್ರಿಗರ್‌ನಿಂದ ಓಡಿದಾಗ ಮಾತ್ರ ಉಳಿಯುತ್ತದೆ. ದಾಖಲೆ ಓದಿದ್ದರೆ ಆ ಸಂಜೆ ಉಳಿಯುತ್ತಿತ್ತು, ಅದು ಬೇರೆ ಮಾತು.

‘ತಡೆ’ಗೆ ಒಂದು ಕೊನೆಯ ಸಮಯವನ್ನೂ ಇಡಿ. ಮನುಷ್ಯರು ತಡೆಯುವುದನ್ನು ನೆನಪಿಡುತ್ತಾರೆ, ಬಿಡುವುದನ್ನು ಮರೆಯುತ್ತಾರೆ. ‘ತಡೆ’ ಎಂಬ ಪದದ ಬದಲು ‘ಇಷ್ಟು ಗಂಟೆಯವರೆಗೆ ತಡೆ’ ಎಂಬ ಸಮಯವನ್ನೇ ಸಾಲಿನಲ್ಲಿ ಬರೆದರೆ, ಆ ಹೊತ್ತು ದಾಟಿದೊಡನೆ ಯಾರೂ ಏನೂ ಒತ್ತದೆ ಏಜೆಂಟ್ ಮತ್ತೆ ಕೆಲಸಕ್ಕೆ ಬರುತ್ತದೆ. ‘ಏಜೆಂಟ್ ಯೋಚಿಸುತ್ತಿದೆ’ ಎಂಬ ಸ್ಥಿತಿಯನ್ನು ನೀವು ಬರೆಯುವುದಾದರೆ ಅದಕ್ಕೂ ಇದೇ ನಿಯಮ ಹಾಕಿ, ಏಕೆಂದರೆ ಸರ್ವರ್ ನಡುವೆ ಬಿದ್ದರೆ ಆ ಸಾಲನ್ನು ತಿದ್ದಲು ಯಾರೂ ಉಳಿದಿರುವುದಿಲ್ಲ. ದೋಷವಾದಾಗ ತಾನಾಗಿ ಓಡುವ ಎರರ್ ವರ್ಕ್‌ಫ್ಲೋ ನೋಡಿಕೊಳ್ಳುತ್ತದೆ ಎಂದುಕೊಂಡರೆ, ಅದು ಕೈಯಿಂದ ಓಡಿಸಿದ ಪರೀಕ್ಷೆಗಳಿಗೆ ಏಳುವುದಿಲ್ಲ ಎಂಬುದು ಗಮನದಲ್ಲಿರಲಿ.

ಉತ್ತರ 3

ಮಾಲೀಕರು ಶೀಟ್ ತೆರೆದು ಸ್ಥಿತಿ ಬದಲಿಸಬೇಕು ಎಂಬ ನಿರೀಕ್ಷೆಯೇ ನನಗೆ ಸರಿ ಕಾಣಲಿಲ್ಲ. ಅವರು ಫೋನಿನಲ್ಲಿ ಉತ್ತರ ಬರೆದದ್ದೇ ಸಂಕೇತವಾಗಬೇಕು. ಒಂದೇ ಸಂಖ್ಯೆಯನ್ನು ಬಿಸಿನೆಸ್ ಆ್ಯಪ್ ಮತ್ತು ಕ್ಲೌಡ್ ಎಪಿಐ (ಸಾಫ್ಟ್‌ವೇರ್ ಮೂಲಕ ವಾಟ್ಸ್‌ಆ್ಯಪ್ ಬಳಸುವ ದಾರಿ) ಎರಡರಲ್ಲೂ ಬಳಸುವವರಿಗೆ ವಾಟ್ಸ್‌ಆ್ಯಪ್‌ನ ಒಡೆಯ ಕಂಪನಿ ಮೆಟಾ ಒಂದು ಪ್ರತ್ಯೇಕ ವೆಬ್‌ಹುಕ್ (ಏನಾದರೂ ನಡೆದೊಡನೆ ನಿಮ್ಮ ಸರ್ವರ್‌ಗೆ ತಾನಾಗಿ ಬರುವ ಸೂಚನೆ) ಕ್ಷೇತ್ರ ಕೊಟ್ಟಿದೆ, ಅದರ ಹೆಸರು ‘ಎಸ್‌ಎಂಬಿ ಮೆಸೇಜ್ ಎಕೋಸ್’. ಆ್ಯಪ್‌ನಿಂದ ಕಳಿಸಿದ ಸಂದೇಶದ ಪ್ರತಿ ಅದರ ಮೂಲಕ ನಿಮ್ಮ ಸರ್ವರ್‌ಗೆ ಬರುತ್ತದೆ. ಅದು ಬಂದ ಕೂಡಲೇ ಸರದಿ ಸಂಖ್ಯೆ ಏರಿಸಿ, ಎರಡು ಗಂಟೆಯ ತಡೆ ಬರೆಯಿರಿ.

ಮೆಟಾದಲ್ಲಿ ನೀವು ನೋಂದಾಯಿಸಿದ ಒಂದು ಡೆವಲಪರ್ ಆ್ಯಪ್‌ಗೆ (ಫೋನಿನ ಬಿಸಿನೆಸ್ ಆ್ಯಪ್ ಅಲ್ಲ) ಒಂದೇ ವೆಬ್‌ಹುಕ್ ವಿಳಾಸ ಇರುವುದರಿಂದ, ಸಿದ್ಧ ವಾಟ್ಸ್‌ಆ್ಯಪ್ ಟ್ರಿಗರ್ ತೆಗೆದು ಸಾಮಾನ್ಯ ವೆಬ್‌ಹುಕ್ ನೋಡ್ ಇಟ್ಟು, ಬಂದದ್ದನ್ನು ಕ್ಷೇತ್ರದ ಹೆಸರಿನ ಮೇಲೆ ಕವಲೊಡೆಸುವುದು ನೇರ ದಾರಿ. ಆಗ ವಿಳಾಸ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಮೆಟಾ ಮೊದಲ ಸಲ ಕಳಿಸುವ ಚಾಲೆಂಜ್ ಸಂಖ್ಯೆಯನ್ನು ಹಾಗೆಯೇ ಹಿಂದಿರುಗಿಸುವ ಕೆಲಸ ನಿಮ್ಮ ಮೇಲೆ ಬೀಳುತ್ತದೆ. ಕವಲೊಡೆಸುವಾಗ ಇನ್ನೊಂದು ‘ಸ್ಥಿತಿ’ಯ ಬಗ್ಗೆ ಎಚ್ಚರವಿರಲಿ: ನೀವು ಕಳಿಸಿದ ಸಂದೇಶ ತಲುಪಿತು, ಓದಲಾಯಿತು ಎಂಬ ಸೂಚನೆಗಳೂ ಅತಿಥಿಯ ಸಂದೇಶಗಳು ಬರುವ ದಾರಿಯಲ್ಲೇ ಬರುತ್ತವೆ. ಅವುಗಳಿಗೂ ಸಂಖ್ಯೆ ಏರಿಸಿದರೆ ಏಜೆಂಟ್ ತನ್ನ ನೆರಳಿಗೆ ತಾನೇ ಹೆದರಿ ಬಾಯಿ ಮುಚ್ಚಿಕೊಳ್ಳುತ್ತದೆ. ನೀವು 200 (ಸರಿಯಾಗಿ ತಲುಪಿತು ಎಂಬ ಸಂಕೇತ) ಎಂಬ ಉತ್ತರ ಕೊಡದಿದ್ದರೆ ಮೆಟಾ ಅದೇ ಸಂದೇಶವನ್ನು ಮತ್ತೆ ಕಳಿಸುವುದರಿಂದ, ಸಂದೇಶದ ಐಡಿ ಈಗಾಗಲೇ ಬಂದಿದೆಯೇ ಎಂದು ನೋಡಿದ ಮೇಲೆಯೇ ಸಂಖ್ಯೆ ಏರಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಟೇಬಲ್, ಸರದಿ ಸಂಖ್ಯೆ, ಎಕೋ ವೆಬ್‌ಹುಕ್ ಮೂರನ್ನೂ ಹಾಕಿ ನಾಲ್ಕು ದಿನವಾಯಿತು. ನಾನೇ ಬೇರೆ ಸಂಖ್ಯೆಯಿಂದ ಪ್ರಶ್ನೆ ಕಳಿಸಿ, ಮಾಲೀಕರಿಂದ ನಡುವೆ ಉತ್ತರ ಬರೆಸಿ ನೋಡಿದೆ. ಏಜೆಂಟ್‌ನ ಉತ್ತರ ಇಫ್ ನೋಡ್‌ನಲ್ಲೇ ನಿಂತಿತು. ಆದರೆ ಹೊಸದೊಂದು ತೊಡಕು ಎದುರಾಗಿದೆ. ತಡೆಯ ಎರಡು ಗಂಟೆ ಮುಗಿದ ಮೇಲೆ ‘ಹಾಗಾದರೆ ಶನಿವಾರದ ಬದಲು?’ ಎಂದು ಕೇಳಿದರೆ, ಏಜೆಂಟ್ ಮತ್ತೆ ‘ಶನಿವಾರವೇ ಇದೆಯಲ್ಲ’ ಎನ್ನುತ್ತದೆ.

ಉತ್ತರ 1

ಮಾಲೀಕರ ಮಾತು ನಿಮ್ಮ ಸ್ಥಿತಿಯ ಟೇಬಲ್‌ಗೆ ತಲುಪಿದೆ, ಏಜೆಂಟ್‌ನ ಮೆಮೊರಿಗೆ ತಲುಪಿಲ್ಲ. ಅದರ ಜೊತೆಗೆ, ಇಫ್ ನೋಡ್‌ನಲ್ಲಿ ನಿಂತ ಉತ್ತರವನ್ನು ಏಜೆಂಟ್ ಆಗಲೇ ಮೆಮೊರಿಯಲ್ಲಿ ಬರೆದುಕೊಂಡಿರುತ್ತದೆ, ಆದ್ದರಿಂದ ತಾನು ಕಳಿಸದ ಮಾತನ್ನು ಕಳಿಸಿದ್ದೇನೆಂದೇ ಅದು ನಂಬಿದೆ. ಎಕೋ ಬಂದ ಕವಲಿನಲ್ಲಿ ಚಾಟ್ ಮೆಮೊರಿ ಮ್ಯಾನೇಜರ್ ನೋಡ್ ಇಟ್ಟು, ಅದೇ ಫೋನ್ ಸಂಖ್ಯೆಯ ಸೆಷನ್‌ಗೆ ಮಾಲೀಕರ ವಾಕ್ಯವನ್ನು ಎಐ ಹೇಳಿದ ಸಂದೇಶ ಎಂಬ ಬಗೆಯಲ್ಲೇ ಸೇರಿಸಿ. ಅತಿಥಿಯ ಕಣ್ಣಿಗೆ ಇಬ್ಬರೂ ಒಂದೇ ಸಂಖ್ಯೆಯವರು ತಾನೇ. ಬಿಸಾಡಿದ ಉತ್ತರದ ಸಾಲನ್ನು ಪೋಸ್ಟ್‌ಗ್ರೆಸ್‌ನಿಂದ ಅಳಿಸುವ ಒಂದು ನೋಡ್ ಅನ್ನು ಇಫ್‌ನ ಇನ್ನೊಂದು ಕವಲಿಗೆ ಜೋಡಿಸಿ. ಹಾಗೆಯೇ ಆ ಪೂಜೆಯನ್ನು ಕ್ಯಾಲೆಂಡರ್‌ಗೂ ಹಾಕಿಸಿಬಿಡಿ.