ಅಪ್‌ಡೇಟ್: ಶನಿವಾರದ ಮಕ್ಕಳ ಗುಂಪಿನ ಫೀಸು, ಕೊನೆಗೆ ಏನು ಮಾಡಿದೆವು

ಕಳೆದ ತಿಂಗಳು ಕೇಳಿದ್ದೆ: ಮಗಳಿಗೆ 11, ಮಗನಿಗೆ 7. ಬಡಾವಣೆಯ ಶನಿವಾರದ ಗುಂಪಿಗೆ ತಿಂಗಳಿಗೆ ತಲಾ 1,800 ರೂಪಾಯಿ, ಇಬ್ಬರನ್ನೂ ಕಳಿಸೋದು ಹೇಗೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಮೊದಲು ಅಲ್ಲೇ ರಿಯಾಯಿತಿ ಕೇಳಿದೆ. ಇಲ್ಲ ಅಂದರು. ಟೀ ಶರ್ಟು, ಶಿಬಿರದ ದುಡ್ಡು ಬೇರೆಯಂತೆ. ಬೇಜಾರಾಯಿತು, ಬಿಟ್ಟೆವು.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಮಕ್ಕಳ ಶಾಲೆಯಲ್ಲೇ ವಿಚಾರಿಸಿದೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಘಟಕ ಅಲ್ಲೇ ಇದೆ! ಚಿಕ್ಕ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತು ದಾಟಿದರೆ ಸ್ಕೌಟ್, ಗೈಡ್. ಇಬ್ಬರ ವರ್ಷದ ಚಂದಾ ಸೇರಿಸಿದರೂ ಆ ಒಂದು ತಿಂಗಳ ಫೀಸಿನ ಹತ್ತಿರ ಬರಲಿಲ್ಲ. ಕೈ ಕಚ್ಚಿದ್ದು ಸಮವಸ್ತ್ರ. ಸ್ಕಾರ್ಫು, ಬೆಲ್ಟು, ಶೂ ಅಂತ ಒಂದೊಂದೇ ಸೇರುತ್ತಾ ಹೋಯಿತು. ಮಗನ ಶರ್ಟು ಮಾತ್ರ ಪಕ್ಕದ ಮನೆ ಅಕ್ಕ ಕೊಟ್ಟರು, ಅವರ ಹುಡುಗನಿಗೆ ಗಿಡ್ಡವಾಗಿತ್ತು. ಹೊಸದು ಹೊಲಿಸುವ ಮುಂಚೆ ದಯವಿಟ್ಟು ಹಿರಿಯ ಮಕ್ಕಳ ಅಮ್ಮಂದಿರನ್ನು ಕೇಳಿ.

ಕಬ್ಬನ್ ಪಾರ್ಕಿನ ಬಾಲಭವನಕ್ಕೂ ಹೋಗಿಬಂದೆವು. ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೊ ಬದಲಿಸದೆ ಹೋಗುತ್ತೆ, ಆದರೂ ಪ್ರತಿ ವಾರ ನಮಗೆ ದೂರವೇ.

ನಿನ್ನೆ ರಾತ್ರಿ ಮಗಳು ತಮ್ಮನಿಗೆ ನನ್ನ ದುಪಟ್ಟಾದಲ್ಲಿ ಸ್ಕೌಟ್ಸ್ ಗೈಡ್ಸ್‌ನಲ್ಲಿ ಹೇಳಿಕೊಡುವ ರೀಫ್ ಗಂಟು ಕಲಿಸುತ್ತಿದ್ದಳು. ಊಟಕ್ಕೆ ಮೂರು ಸಲ ಕರೆದೆ, ಇಬ್ಬರೂ ಏಳಲಿಲ್ಲ.