ಪೆನ್ಸಿಲ್ ಮುಟ್ಟದ ಮಗ: ಓದುಗರ ಸ್ಪಂದನ

(ಕಳೆದ ಬಾರಿಯ ಸಮಸ್ಯೆ: ಸಕಲೇಶಪುರದ ಹತ್ತಿರ ತೋಟದ ಮನೆ ನಮ್ಮದು. ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಬರೆಯಲು ಕೂರಿಸಿದರೆ ಎರಡೇ ನಿಮಿಷ, ಎದ್ದು ಅಜ್ಜಿಯ ಹಿಂದೆ ಕೊಟ್ಟಿಗೆಗೆ ಓಡುತ್ತಾನೆ. ‘ಮನೆಯಲ್ಲಿ ಏನೂ ಹೇಳಿಕೊಡಲ್ವಾ?’ ಎಂದು ಶಾಲೆಯಲ್ಲಿ ಕೇಳಿದರು. ಬೆಂಗಳೂರಿನಲ್ಲಿರುವ ಯಜಮಾನರು ಓರಗೆಯ ಮಕ್ಕಳು ಬರೆಯುವ ವಿಡಿಯೊ ಕಳಿಸುತ್ತಾರೆ. ಇವನು ಏನಾದರೂ ಕಲಿಯುತ್ತಿದ್ದಾನಾ ಎಂದು ತಿಳಿಯುವುದು ಹೇಗೆ?)

ತಂಗಿ, ಮೊದಲು ಅಂಗಡಿಯಿಂದ ಒಂದು ನೋಟ್‌ಬುಕ್ ತನ್ನಿ. ಮಗನಿಗಲ್ಲ, ನಿಮಗೆ. ದಿನಕ್ಕೆ ಹತ್ತು ನಿಮಿಷ ಅವನು ಮಾಡುವುದನ್ನು ಸುಮ್ಮನೆ ನೋಡಿ, ಮಲಗುವ ಮುಂಚೆ ನಾಲ್ಕು ಸಾಲು ಬರೆದಿಡಿ. ‘ಇವತ್ತು ಜಾಣ, ಇವತ್ತು ಹಟ’ ಅಂತ ಬರೆದರೆ ಅದು ನಿಮ್ಮ ಮನಸ್ಸಿನ ಸುದ್ದಿ. ‘ಕಣದಲ್ಲಿ ಕೂತು ಕಾಫಿ ಕಾಯಿ, ಹಣ್ಣು, ಒಣಗಿದ್ದು ಅಂತ ಮೂರು ಗುಡ್ಡೆ ಮಾಡಿದ, ಅರೆಹಣ್ಣು ಸಿಕ್ಕಾಗ ಎಲ್ಲಿ ಹಾಕ್ಲಿ ಅಂದ’ ಅಂತ ಬರೆದರೆ ಅದು ಮಗುವಿನ ಸುದ್ದಿ. ಆ ಅರೆಹಣ್ಣಿನ ಪ್ರಶ್ನೆ ಇದೆಯಲ್ಲ, ಲೆಕ್ಕ ಹುಟ್ಟುವುದೇ ಅಲ್ಲಿ.

ಇನ್ನು ಬರವಣಿಗೆ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಕೆಲವು ಈ ವಯಸ್ಸಿಗೆ ಇನ್ನೂ ಗಟ್ಟಿ ಮೂಳೆಯೇ ಆಗಿರುವುದಿಲ್ಲ. ಬೆರಳಿನ ಹಿಡಿತವೂ ಈಗಷ್ಟೇ ಬಲಿಯುತ್ತಿರುತ್ತದೆ. ಅವನು ಅವರೆಕಾಳು ಹಿತುಕಲಿ, ರೊಟ್ಟಿಯ ಹಿಟ್ಟು ನಾದಲಿ, ಅಂಗಳದಲ್ಲಿ ರಂಗೋಲಿ ಚುಕ್ಕಿ ಇಡಲಿ. ನಮ್ಮ ಕೇಂದ್ರದಲ್ಲಿ ಮರಳಿನ ತಟ್ಟೆಯಲ್ಲಿ ಬೆರಳಾಡಿಸಿದವರೇ ಆಮೇಲೆ ಸ್ಲೇಟಿಗೆ ಬಂದದ್ದು. ತಿಂಗಳು ಕಳೆದ ಮೇಲೆ ನೋಟ್‌ಬುಕ್ ಮೊದಲಿಂದ ಓದಿ. ಶಾಲೆಗೆ ಹೋಗುವಾಗ ಅದನ್ನೇ ಕೈಯಲ್ಲಿ ಹಿಡಿದು ಹೋಗಿ.
– ಅಂಗನವಾಡಿ ಕಾರ್ಯಕರ್ತೆ, ಆಲೂರು ತಾಲ್ಲೂಕು

ಎಲ್ಲರೂ ಧೈರ್ಯ ಹೇಳುತ್ತಾರೆ, ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ. ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾನಾ? ಚಿತ್ರ ನೋಡಲು ಪುಸ್ತಕವನ್ನು ಕಣ್ಣಿಗೆ ಹಿಡಿಯುತ್ತಾನಾ? ಹೊರಗಿನವರಿಗೂ ಅವನ ಮಾತು ತಿಳಿಯುತ್ತಾ? ಅನುಮಾನ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಯಾವಾಗ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ನಿಮ್ಮ ಪತ್ರದಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ. ಆದರೂ ಒಮ್ಮೆ ನೋಡಿಬಿಡಿ.
– ಸ್ಟಾಫ್ ನರ್ಸ್, ಚಿಕ್ಕಮಗಳೂರು

ಮಗುವನ್ನು ನೋಡಿ ಬರೆದಿಡುವುದು ಹಳೆಯ ಚಾಳಿ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ಚೊಚ್ಚಲ ಮಗನ ಬಗ್ಗೆ ಟಿಪ್ಪಣಿ ಇಟ್ಟುಕೊಂಡು 1877ರಲ್ಲಿ ಪ್ರಕಟಿಸಿದ; ಅಷ್ಟೊತ್ತಿಗೆ ಮಗನಿಗೆ 37! ಎರಡೂವರೆ ದಾಟಿದ ಹುಡುಗ ಬೇಡವೆಂದಿದ್ದ ಸಕ್ಕರೆ ತಿಂದು ಊಟದ ಕೋಣೆಯಿಂದ ಹೊರಬರುತ್ತಾನೆ, ಕಣ್ಣಲ್ಲಿ ವಿಪರೀತ ಹೊಳಪು. ಇವನಿಗೆ ಶಿಕ್ಷೆಯನ್ನೇ ಕೊಟ್ಟಿಲ್ಲ, ಹಾಗಾಗಿ ಇದು ಭಯವಲ್ಲ, ಖುಷಿಗೂ ಮನಸ್ಸಾಕ್ಷಿಗೂ ನಡೆದ ಜಗ್ಗಾಟ ಎಂದು ಅಪ್ಪ ಬರೆದುಕೊಳ್ಳುತ್ತಾನೆ. ಆದರೆ ಅಮ್ಮಾ, ನೋಟ್‌ಬುಕ್ ಹಿಡಿದು ಸದಾ ಹಿಂದೆಯೇ ನಿಂತರೆ ಮಗು ಆಟ ಬಿಟ್ಟು ನಿಮ್ಮ ಮುಖ ನೋಡಲು ಶುರುಮಾಡುತ್ತದೆ. ಶಾಲೆಯವರಿಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ತೋರಿಸಿ: 3ರಿಂದ 8 ವರ್ಷ ಬುನಾದಿ ಹಂತ, ಆಟದ ಮೂಲಕ ಕಲಿಕೆ. ಆ ನೀತಿಯ ಬಗ್ಗೆ ನನಗೆ ತಕರಾರುಗಳಿವೆ, ಈ ಮಾತಿಗಿಲ್ಲ.
– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಅರಸೀಕೆರೆ

ನಿಮ್ಮ ಯಜಮಾನರ ಜಾಗದಲ್ಲಿ ನಾನೂ ಇದ್ದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದು, ಶನಿವಾರ ಕಾಫಿ ಕುಡಿಯುವಾಗಲೇ ಮಗಳಿಗೆ ಪರೀಕ್ಷೆ ಇಡುತ್ತಿದ್ದೆ. ಆಮೇಲಾಮೇಲೆ ನನ್ನ ದನಿ ಕೇಳಿದರೆ ಅವಳು ಬಚ್ಚಲುಮನೆ ಸೇರುತ್ತಿದ್ದಳು. ಮೊಬೈಲ್ ಎತ್ತಿದರೆ ಮಾತ್ರ ಎಬಿಸಿಡಿ ಒಪ್ಪಿಸುತ್ತಿದ್ದಳು, ಗೊಂಬೆಯ ಹಾಗೆ. ವಿಡಿಯೊ ಮಾಡಿ ಮನೆಯವರ ಗ್ರೂಪಿಗೆ ಹಾಕಬೇಡಿ. ಮುಂದಿನ ಸಲ ಬಂದಾಗ ಅವರನ್ನು ಅರ್ಧ ದಿನ ಮಗನ ಹಿಂದೆ ತೋಟದಲ್ಲಿ ಬಿಡಿ, ಬಾಯಿ ಬಿಡದೆ ಓಡಾಡಲಿ. ನನಗೆ ಕಷ್ಟವಾದದ್ದು ಅದೇ.
– ಒಬ್ಬ ತಂದೆ, ಮೂಡಿಗೆರೆ

ಅಜ್ಜಿ ಹಿಂದೆ ಓಡ್ತಾನೆ ಅಂತ ದೂರಿನ ಥರ ಬರೆದಿದೀರ. ಓಡಿ ಏನ್ಮಾಡ್ತಾನೆ ಅಂತ ನಿಮ್ಮತ್ತೇನ ಕೇಳಿದ್ರಾ? ಅವರಿಗೆ ನೋಟ್‌ಬುಕ್ ಬೇಡ, ಎಲ್ಲ ಬಾಯಲ್ಲೇ ಇರುತ್ತೆ. ನನ್ನ ಮೊಮ್ಮಗ ತೆಂಗಿನಕಾಯಿ ಜೋಡಿ ಜೋಡಿ ಎಣಿಸೋದು ಕಲ್ತಿದ್ದು ನನ್ನ ಹತ್ರ. ಅವರಮ್ಮಂಗೆ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ. ಹೋಗ್ಲಿ, ನಿಮ್ಮ ಕೊಟ್ಟಿಗೆ ಕರುಗೆ ಆ ಹುಡುಗ ಏನಂತ ಹೆಸರಿಟ್ಟಿದಾನೆ? ಅದನ್ನ ಬರೆದೇ ಇಲ್ವಲ್ಲಮ್ಮ.
– ಒಬ್ಬ ಅಜ್ಜಿ, ಕಡೂರು