ಆರ್‌ವಿ ಒಳಗೆ ಬೆಚ್ಚಗಿದೆ, ಆದ್ರೆ ಬೆಳಿಗ್ಗೆ ನಲ್ಲೀಲಿ ನೀರಿಲ್ಲ

ಪ್ರಶ್ನೆ:
ನಮಸ್ಕಾರ ಸರ್. ನಾನು ನಮ್ಮನೆಯವ್ರು ಇಬ್ರೂ ರಿಟೈರ್ ಆದ್ಮೇಲೆ ಈ ಸಲ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಸೌತ್ ರಿಮ್‌ಗೆ ಸೀಸನಲ್ ಕೆಲಸಕ್ಕೆ ಬಂದಿದೀವಿ, ಜನವರಿ ಕೊನೆ ತನಕ ಇರ್ಬೇಕು. ವಾಸ ನಮ್ದೇ ಆರ್‌ವಿ, ಅಂದ್ರೆ ಗಾಡಿಗೆ ಕಟ್ಟಿ ಎಳ್ಕೊಂಡು ಹೋಗೋ ಮನೆ, 28 ಅಡಿ ಟ್ರೇಲರ್‌ನಲ್ಲಿ, ಕರೆಂಟು ನೀರು ಡ್ರೈನೇಜು ಮೂರೂ ಇದೆ, 30 ಆಂಪ್ ಲೈನು. ಅರಿಝೋನಾ ಅಂದ್ರೆ ಬಿಸಿಲು ಅಂತ್ಲೇ ಹೊರಟ್ವಿ, ಇಲ್ಲಿ ನೋಡಿದ್ರೆ 7,000 ಅಡಿ ಎತ್ತರ, ಮೊನ್ನೆ ರಾತ್ರಿ ಮೈನಸ್ 10 ಡಿಗ್ರಿ. ಗ್ಯಾಸ್ ಉಳಿಲಿ ಅಂತ ಫರ್ನೇಸ್ (ಗ್ಯಾಸಲ್ಲಿ ಓಡೋ ಬಿಸಿಗಾಳಿ ಹೀಟರು) ಆಫ್ ಮಾಡಿ ಒಂದೊಂದೂ 1500 ವ್ಯಾಟಿನ ಎರಡು ಕರೆಂಟ್ ಹೀಟರ್ ಹಾಕ್ಕೊಂಡು ಮಲಗಿದ್ವಿ, ಒಳಗೆ ಚೆನ್ನಾಗಿ ಬೆಚ್ಚಗಿತ್ತು, ಬೆಳಿಗ್ಗೆ ಎದ್ರೆ ಒಂದು ನಲ್ಲೀಲೂ ನೀರಿಲ್ಲ! ಹಾಸಿಗೆ ಎತ್ತಿದ್ರೆ ಕೆಳಗೆಲ್ಲಾ ಒದ್ದೆ. ಪೈಪ್ ಒಡೆದಿರಬಹುದಾ? ಪಕ್ಕದವ್ರು ರಾತ್ರಿ ಸ್ಟವ್ ಸಣ್ಣಗೆ ಉರಿಸಿಟ್ಟು ಮಲಗಿ ಅಂತಾರೆ, ಮಾಡ್ಬಹುದಾ?

ಉತ್ತರ (ಆರ್‌ವಿ ಟೆಕ್ನಿಷಿಯನ್):
ಅಕ್ಕಾ, ಕೊನೇ ಪ್ರಶ್ನೆಗೆ ಮೊದ್ಲು ಹೇಳ್ತೀನಿ. ಸ್ಟವ್ ಉರಿಸಿ ಮಲಗಲೇಬೇಡಿ, ಒಂದು ರಾತ್ರಿನೂ ಬೇಡ. ಅದರ ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೇಲಿದ್ದವರಿಗೆ ಗೊತ್ತೇ ಆಗಲ್ಲ. ಇವತ್ತೇ ಆ ಗಾಳಿ ಬಂದ್ರೆ ಕೂಗೋ ಡಿಟೆಕ್ಟರ್ ಬಟನ್ ಒತ್ತಿ ಟೆಸ್ಟ್ ಮಾಡಿ, ಹಿಂದೆ ಎಕ್ಸ್‌ಪೈರಿ ಡೇಟ್ ಇರುತ್ತೆ, ಮುಗಿದಿದ್ರೆ ಬೇರೆ ತನ್ನಿ.

ಈಗ ನೀರಿನ ವಿಷಯ. ತುಂಬಾ ಟ್ರೇಲರ್‌ಗಳಲ್ಲಿ ಫರ್ನೇಸ್‌ನ ಬಿಸಿಗಾಳಿ ರೂಮಿಗೆ ಮಾತ್ರ ಅಲ್ಲ, ನೆಲದ ಕೆಳಗೆ ಟ್ಯಾಂಕು ಪೈಪು ಇರೋ ಜಾಗಕ್ಕೂ ಹೋಗುತ್ತೆ. ನೀವು ಕರೆಂಟ್ ಹೀಟರ್ ಹಾಕಿದಾಗ ರೂಮು ಬಿಸಿ ಆಯ್ತು, ಫರ್ನೇಸ್ ಓಡ್ಲಿಲ್ಲ, ಕೆಳಗೆ ಐಸ್ ಆಯ್ತು. ಗ್ಯಾಸ್ ಉಳಿಸೋಕೆ ಹೋಗಿ ಪೈಪ್ ಕಳ್ಕೊಂಡವರ ಗಾಡಿ ಪ್ರತಿ ಚಳಿಗಾಲ ನನ್ನ ಹತ್ರ ಬರುತ್ತೆ. ಆದ್ರಿಂದ ರಾತ್ರಿ ಫರ್ನೇಸೇ ಮುಖ್ಯ, ಬೇಕಿದ್ರೆ ಒಂದೇ ಒಂದು ಹೀಟರು ಸಣ್ಣಗೆ, ಅದೂ ಥರ್ಮೋಸ್ಟಾಟ್ (ರೂಮಿನ ಬಿಸಿ ನೋಡಿ ಫರ್ನೇಸ್ ಆನ್ ಆಫ್ ಮಾಡೋದು) ಹತ್ರ ಇಡಬೇಡಿ, ಅಲ್ಲಿಟ್ರೆ ಫರ್ನೇಸ್ ಆನ್ ಆಗೋದೇ ಇಲ್ಲ. ಎರಡೆರಡು ಹೀಟರ್ ಅಂದ್ರೆ ಹನ್ನೆರಡೂವರೆ, ಹನ್ನೆರಡೂವರೆ, 25 ಆಂಪ್ ಅಲ್ಲೇ ಹೋಯ್ತು, ಇರೋದು 30. ಸಾಕೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ಆ ಸಾಕೆಟ್ ಬಳಸ್ಬೇಡಿ, ಎಕ್ಸ್‌ಟೆನ್ಷನ್ ವೈರಂತೂ ಬೇಡ್ವೇ ಬೇಡ.

ಗ್ಯಾಸಿನ ಲೆಕ್ಕ ಗೊತ್ತಿರ್ಲಿ: 20 ಪೌಂಡ್ ಸಿಲಿಂಡರು, ಗಂಟೆಗೆ 30,000 ಬಿಟಿಯು (ಶಾಖದ ಅಳತೆ) ಫರ್ನೇಸ್ ಆದ್ರೆ ಬಿಡದೆ ಉರಿದ್ರೆ ಸುಮಾರು 14 ಗಂಟೆ. ಅದು ಆಗಾಗ ನಿಂತು ಓಡೋದ್ರಿಂದ ಅದಕ್ಕಿಂತ ಜಾಸ್ತಿನೇ ಬರುತ್ತೆ, ಆದ್ರೂ ಮೈನಸ್ ಚಳೀಲಿ ತುಂಬಿದ ಇನ್ನೊಂದು ಸಿಲಿಂಡರ್ ಕೈಲಿರ್ಲೇಬೇಕು.

ಪೈಪ್ ಒಡೆದಿದ್ಯಾ ಅನ್ನೋದು ಐಸ್ ಕರಗೋವರೆಗೂ ಗೊತ್ತಾಗಲ್ಲ. ಹೊರಗಿನ ನೀರು ಬಂದ್ ಮಾಡಿ, ಪಂಪ್ ಆಫ್ ಮಾಡಿ, ಒಳಗಿನ ನಲ್ಲಿ ಎಲ್ಲಾ ತೆಗೆದಿಡಿ, ಫರ್ನೇಸ್ ಹಾಕಿ, ಕಪಾಟಿನ ಬಾಗಿಲು ತೆಗೆದು ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿ ಕೊಡಿ. ಬೆಂಕಿ ಮಾತ್ರ ಹಿಡೀಬೇಡಿ. ಈಗಿನ ಪ್ಲಾಸ್ಟಿಕ್ ಪೈಪ್ ಸ್ವಲ್ಪ ಹಿಗ್ಗಿ ತಡ್ಕೊಳ್ಳುತ್ತೆ, ಒಡೆಯೋದು ಜಾಯಿಂಟು, ಪಂಪು, ಟಾಯ್ಲೆಟ್ ವಾಲ್ವು, ಮತ್ತೆ ಎಲ್ರೂ ಮರೆಯೋ ಹೊರಗಿನ ಶವರು, ಅದಕ್ಕಿರೋದು ತೆಳು ಬಾಗಿಲು ಅಷ್ಟೇ, ಅದರ ಹಿಂದೆ ಹಳೇ ಟವೆಲ್ಲೋ ಫೋಮೋ ತುರುಕಿ. ನೀರು ಬಿಟ್ಟಾಗ ಇಬ್ಬರಲ್ಲಿ ಒಬ್ರು ಟಾರ್ಚ್ ಹಿಡ್ಕೊಂಡು ಕೆಳಗೆ ನೋಡ್ತಾ ಇರಿ.

ಇನ್ನು ಮುಂದೆ ಸಂಜೆ ಒಳಗಿನ ಟ್ಯಾಂಕ್ ತುಂಬಿಸ್ಕೊಂಡು ಹೊರಗಿನ ಹೋಸ್ ಬಿಚ್ಚಿ ನೀರು ಖಾಲಿ ಮಾಡಿ ಸುತ್ತಿಡಿ, ರಾತ್ರಿಯಿಡೀ ಪಂಪಲ್ಲೇ ನಡೆಸಿ. ಚಳೀಲಿ ಹೆಪ್ಪುಗಟ್ಟದ ಹೊರನಲ್ಲಿ ಇರುತ್ತಲ್ಲ, ಬಂದ್ ಮಾಡಿದಾಗ ನೀರು ಮಣ್ಣೊಳಗೆ ಇಳಿಯೋ ಥರದ್ದು, ಹೋಸ್ ಸಿಕ್ಕಿಸಿಟ್ರೆ ಅದು ಇಳಿಯಲ್ಲ, ಒಡೆದ್ರೆ ಪಾರ್ಕಿನ ಲೈನೇ ಹೋಗುತ್ತೆ. ಬಚ್ಚಲ ನೀರಿನ ವಾಲ್ವ್ ಮುಚ್ಚಿಡಿ, ತುಂಬಿದಾಗ ಒಂದೇ ಸಲ ಬಿಡಿ, ಸಣ್ಣಗೆ ಹರೀತಾ ಇದ್ರೆ ಪೈಪಲ್ಲೇ ಐಸ್ ಕಟ್ಟುತ್ತೆ. ಗಾಡಿ ಕೆಳಗೆ ಗಾಳಿ ನುಗ್ಗದ ಹಾಗೆ ಸುತ್ತ ಫೋಮ್ ಬೋರ್ಡ್ ಕಟ್ಟಿ, ಆದ್ರೆ ಫರ್ನೇಸ್ ಹೊಗೆ ತೂತು ಮುಚ್ಬೇಡಿ.

ಪ್ರಶ್ನೆ:
ತುಂಬಾ ಥ್ಯಾಂಕ್ಸ್ ಸರ್, ಮಧ್ಯಾಹ್ನದ ಹೊತ್ತಿಗೆ ನೀರು ಬಂತು, ಟಾಯ್ಲೆಟ್ ಹಿಂದಿನ ಜಾಯಿಂಟ್ ಒಂದು ಸೋರ್ತಾ ಇದೆ, ನಮ್ಮನೆಯವ್ರು ಬದಲಾಯಿಸ್ತಾರಂತೆ. ಹಾಸಿಗೆ ಒದ್ದೆ ಯಾಕೆ? ಮೇಲಿಂದ ಏನೂ ಸೋರ್ತಿಲ್ಲ.

ಉತ್ತರ:
ನಿಮ್ಮ ಉಸಿರು, ಅಡುಗೆ ಆವಿ, ಒಳಗೆ ಒಣಗಿಸಿದ ಬಟ್ಟೆ ಅಕ್ಕಾ, ಆ ಆವಿನೇ ಹಾಸಿಗೆ ಕೆಳಗಿನ ತಣ್ಣನೆ ಜಾಗದಲ್ಲಿ ನೀರಾಗುತ್ತೆ. ಒಂದು ಕಿಲೋ ಗ್ಯಾಸ್ ಸ್ಟವ್‌ನಲ್ಲಿ ಉರಿದ್ರೇನೇ ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರು ಆವಿಯಾಗಿ ಒಳಗೇ ಉಳಿಯುತ್ತೆ. ನಿಮ್ಮ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತೆ, ಬೇಳೆ ಬೇಯೋಕೆ ತೆರೆದ ಪಾತ್ರೇಲಿ ಇಟ್ರೆ ಗಂಟೆಗಟ್ಲೆ ಆವಿ, ಕುಕ್ಕರೇ ಬಳಸಿ, ಮೇಲಿನ ಫ್ಯಾನ್ ಹಾಕಿ ಕಿಟಕಿ ಒಂದು ಬೆರಳಷ್ಟು ತೆಗೀರಿ. ಚಳಿ ಬರುತ್ತೆ ಅಂತ ಹೆದರ್ಬೇಡಿ. ಹಾಸಿಗೆ ಕೆಳಗೆ ಹಲಗೆ ಸಾಲಾಗಿ ಇಟ್ಟು ಗಾಳಿ ಆಡೋ ಹಾಗೆ ಮಾಡಿ, ಇವತ್ತು ಅದನ್ನ ಗೋಡೆಗೆ ನಿಲ್ಲಿಸಿ ಪೂರ್ತಿ ಒಣಗಿಸಿ, ಬೂಷ್ಟು ಹಿಡಿದ್ರೆ ಆಮೇಲೆ ಕೆಮ್ಮು ಬಿಡಲ್ಲ. ಜಾಯಿಂಟ್ ಹಾಕಿದ್ಮೇಲೆ ಒಂದು ಫೋಟೋ ಕಳ್ಸಿ, ನೋಡ್ತೀನಿ.